ಪದಚರ್ಚೆ: ಹಳೆಯ ಕೈಗಣಕಕ್ಕೆ ಇಮೇಲ್ ‘ಸೆಟಪ್’ ಮಾಡುವುದಕ್ಕೆ ಏನನ್ನೋಣ? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಪರಿಚಯದವರೊಬ್ಬರು ಹಳೆಯ ಕೈಗಣಕಗಳನ್ನು, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರುಗಳನ್ನು, ಕೂಡಿಟ್ಟಿದ್ದಾರೆ. ಅದರಲ್ಲೊಂದು 2005ರ ಪಾಮ್ ಟಿಎಕ್ಸ್. ನೋಡಲು ಬಂದವರು ಗಾಜಿನಾಚೆಯಿಂದ ನೋಡಿ ಹೋಗುವ ಬದಲು ಅದನ್ನು ಕೈಗೆ ತೆಗೆದುಕೊಂಡು, ವೈಫೈಗೆ ಸೇರಿಸಿ, ಒಂದು ಇಮೇಲ್ ಓದಿ ಒಂದು ಕಳಿಸಲಿ ಎಂಬುದು ಅವರ ಆಸೆ. ಅದಕ್ಕಾಗಿ ಇಂಗ್ಲಿಷಿನಲ್ಲಿ ಎರಡು ಪುಟದ ಸೂಚನೆ ಬರೆದು, ಕನ್ನಡ ಮಾಡಿಕೊಡಿ ಎಂದು ನನಗೆ ಕೊಟ್ಟಿದ್ದಾರೆ. ಸಂಜೆ ಆರಕ್ಕೆ ಅಚ್ಚಿಗೆ ಹೋಗಬೇಕು.

ಸಿಕ್ಕಿಬಿದ್ದಿರುವುದು ಇಲ್ಲಿ. ಸೆಟಪ್ ಎಂಬ ಮಾತು ಮೊದಲ ಪುಟದಲ್ಲೇ ಏಳು ಸಲ ಇದೆ. ಎಲ್ಲ ಕಡೆಯೂ ‘ಹೊಂದಿಸಿ’ ಎಂದು ಹಾಕುತ್ತ ಬಂದೆ. ಎರಡನೇ ಪುಟಕ್ಕೆ ಬಂದರೆ ಸಿಂಕ್, ಅಂದರೆ ಪಾಮ್‌ನಲ್ಲೂ ಕಂಪ್ಯೂಟರಿನಲ್ಲೂ ಇರುವುದನ್ನು ಒಂದೇ ಮಾಡುವುದು. ಅದಕ್ಕೂ ಕೈ ತಾನಾಗಿ ‘ಹೊಂದಿಸಿ’ ಎಂದೇ ಬರೆಯಿತು. ಈಗ ಒಂದು ಕಡೆ ‘ಹೊಂದಿಸಿದ ಮೇಲೆ ಹೊಂದಿಸಿ’ ಎಂದಾಗಿದೆ. ಇನ್‌ಕಮಿಂಗ್ ಸರ್ವರ್ ಎನ್ನುವಲ್ಲಿ ‘ಒಳಬರುವ ಅಂಚೆಯ ಪೂರೈಕೆಗಣಕ’ ಎಂದು ಬರೆದದ್ದನ್ನು ಮಗಳು ಓದಿ, “ಇದೇನಮ್ಮಾ, ಉಗ್ರಾಣವಾ?” ಅಂದಳು. ಹ್ಯಾಂಡ್‌ಹೆಲ್ಡ್‌ಗೆ ಕೈಗಣಕ, ಅಂಗೈಗಣಕ, ಕಿಸೆಗಣಕ, ಮೂರೂ ಸಿಕ್ಕಿವೆ. ನನಗಿಂತ ಮೊದಲು ಯಾರೋ ಕೈಹಾಕಿ ಬಿಟ್ಟ ಕರಡೊಂದು ಜೊತೆಗೆ ಬಂದಿದೆ, ಅದರಲ್ಲಿ ಪೋರ್ಟ್ 110 (ಸರ್ವರಿನ ಬಾಗಿಲ ಸಂಖ್ಯೆ) ಎನ್ನುವುದು ‘ಬಂದರು 110’ ಆಗಿದೆ. ನಗಬೇಡಿ, ನಾನೂ ಎರಡು ನಿಮಿಷ ಅದನ್ನೇ ಬಿಡೋಣವೇ ಅಂದುಕೊಂಡಿದ್ದೆ.

ಸು.

—

> ಕೈಗಣಕ, ಅಂಗೈಗಣಕ, ಕಿಸೆಗಣಕ, ಮೂರೂ ಸಿಕ್ಕಿವೆ

ಅಂಗೈಗಣಕ. ಇದರಲ್ಲಿ ಚರ್ಚೆಗೆ ಏನಿದೆ? ಆ ಸಾಧನದ ಹೆಸರೇ ಅಂಗೈ.

ಅಂಗೈಯನ್ನು ಶಾಲೆಯಲ್ಲಿ ‘ಕೈಯ ಅಡಿ’ ಎಂದು ಬಿಡಿಸಿ ಅಂಶಿಸಮಾಸ ಎಂದು ಗುರುತು ಹಾಕಿ ಮುಗಿಸುತ್ತಾರೆ. ಅದು ಪರೀಕ್ಷೆಗೆ ಸಾಕು, ನಮಗೆ ಸಾಲದು. ತಮಿಳಿನವರು ಇದೇ ಪದವನ್ನು ಅಕಂ + ಕೈ ಎಂದು ಬಿಡಿಸುತ್ತಾರೆ. ಅಕಂ ಎಂದರೆ ಒಳಗು. ಅಂಗೈ ಎಂದರೆ ಕೈಯ ಒಳಮೈ, ಮುಚ್ಚಿದರೆ ಮರೆಯಾಗುವ ಜಾಗ. ಇಷ್ಟು ಒಪ್ಪುವ ಪದ ಕೈಯಲ್ಲೇ ಇರುವಾಗ ಕಿಸೆಗೆ ಯಾಕೆ ಕೈ ಹಾಕುತ್ತೀರಿ? ಸಾಲದ್ದಕ್ಕೆ ಕಿಸೆಗಣಕ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಕೂಡುಪದ.

ಕೃ.

—

ಗಣಕ ಸಂಸ್ಕೃತ. ಹಾಗೆ ನೋಡಿದರೆ ಅಂಗೈಗಣಕವೇ ಅರಿಸಮಾಸ, ಮೇಷ್ಟ್ರೇ. ಅಂಗೈಯೆಣಿಕ ಅನ್ನಿ.
ಇಮೇಲ್ ಬೇಡ, ಮಿಂಚಂಚೆ. ಇಂಟರ್ನೆಟ್ ಬೇಡ, ಮಿಂಬಲೆ. ಅಕೌಂಟಿಗೆ ಖಾತೆ ಅನ್ನಬೇಡಿ, ಆ ‘ಖ’ ನಮ್ಮ ಬಾಯಿಯದಲ್ಲ.

ಗೋ.

—

ಕಿಸೆಗಣಕ ಅರಿಸಮಾಸ ಆಗುವುದಾದರೂ ಹೇಗೆ ಮೇಷ್ಟ್ರೇ? ಅರಿಸಮಾಸಕ್ಕೆ ಒಂದು ಕಾಲು ಕನ್ನಡದಲ್ಲಿ, ಒಂದು ಕಾಲು ಸಂಸ್ಕೃತದಲ್ಲಿ ಇರಬೇಕು. ಕಿಸೆ ಅರಬ್ಬಿ, ಪಾರಸಿಗಳ ದಾರಿ ಹಿಡಿದು ಬಂದದ್ದು. ಅದಕ್ಕೆ ಬದಲು ಜೇಬು ಎನ್ನೋಣವೆಂದರೆ ಅದೂ ಅರಬ್ಬಿಯೇ. ಅಂದರೆ ಬಟ್ಟೆಗೆ ಹೊಲಿದ ಚೀಲಕ್ಕೆ ನಾವು ದಿನಾ ಆಡುವ ಎರಡು ಮಾತೂ ಹೊರಗಿನವು. ಹದಿಮೂರನೇ ಶತಮಾನದ ವೈಯಾಕರಣ ಕೇಶಿರಾಜನನ್ನು ಈ ಚೀಲದೊಳಕ್ಕೆ ಎಳೆಯುವುದು ಅನ್ಯಾಯ.

ಗೋ. ಅವರಿಗೆ: ಗಣಕ ಸಮಸಂಸ್ಕೃತ, ಅಂದರೆ ಸಂಸ್ಕೃತದಿಂದ ಹೆಚ್ಚು ಬದಲಾಗದೆ ಕನ್ನಡಕ್ಕೆ ಬಂದ ಪದ. ಅದು ಕನ್ನಡದೊಡನೆ ಕೂಡಲು ಕೇಶಿರಾಜನೇ ದಾರಿ ಬಿಟ್ಟಿದ್ದಾನೆ. ಸಂಸ್ಕೃತವೆಂದ ಕೂಡಲೇ ಅರಿಸಮಾಸ ಎನ್ನುವುದು ಸೂತ್ರ ಓದದವರ ಮಾತು.

ನನಗೆ ಗಣಕದ ಮೇಲೆ ಬೇರೆಯದೇ ತಕರಾರಿದೆ. ಸಂಸ್ಕೃತದಲ್ಲಿ ಗಣಕ ಎಂದರೆ ಎಣಿಸುವ ಮನುಷ್ಯ, ಜೋಯಿಸ. ಕಂಪ್ಯೂಟರ್ ಎಂಬ ಮಾತೂ ಯಂತ್ರ ಬರುವ ಮೊದಲು ಲೆಕ್ಕ ಹಾಕುವ ಮನುಷ್ಯರಿಗೇ ಇತ್ತು, ಆದ್ದರಿಂದ ತಪ್ಪೇನೂ ಇಲ್ಲ ಅನ್ನಿ. ಆದರೂ ಕಿಸೆಗಣಕ ಎಂದಾಗಲೆಲ್ಲ ಕಿಸೆಯೊಳಗೆ ಪಂಚಾಂಗ ಬಿಚ್ಚಿ ಕೂತ ಜೋಯಿಸರೊಬ್ಬರು ನನ್ನ ಕಣ್ಣಿಗೆ ಬರುತ್ತಾರೆ.

ವ.

—

ಸು. ಅವರೇ, ನಿಮ್ಮ ಹಾಳೆಗೆ ಬರುತ್ತೇನೆ. ಇವರು ಕಿಸೆಯಿಂದ ಹೊರಗೆ ಬರುವಷ್ಟರಲ್ಲಿ ಆರು ಗಂಟೆ ಆಗಿರುತ್ತದೆ.

ಮೊದಲನೆಯದು. ಸಾಧನವನ್ನು ನಡೆಸುವ ತಂತ್ರಾಂಶ ಪಾಮ್ ಓಎಸ್‌ನಲ್ಲಿ ಕನ್ನಡವಿಲ್ಲ. ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಆದರೆ ಪಾಮ್ ಓಎಸ್‌ಗೆ ಯೂನಿಕೋಡೇ ಗೊತ್ತಿಲ್ಲ. ಕನ್ನಡದಲ್ಲಿ ಬಂದ ಇಮೇಲ್ ಅಲ್ಲಿ ಓದಲಾಗದ ಗುರುತುಗಳ ಸಾಲಾಗಿ ಕಾಣುತ್ತದೆ. ಮೆನು, ಗುಂಡಿ ಎಲ್ಲವೂ ಇಂಗ್ಲಿಷ್. ನೀವು ಹಾಳೆಯಲ್ಲಿ ‘ಒಳಬರುವ ಅಂಚೆಯ ಪೂರೈಕೆಗಣಕವನ್ನು ಆರಿಸಿ’ ಎಂದು ಎಷ್ಟು ಚೆಂದವಾಗಿ ಬರೆದರೂ ಓದುವವರು ಆ ಹೆಸರನ್ನು ಪರದೆ ಮೇಲೆ ಹುಡುಕುತ್ತ ಕೂರುತ್ತಾರೆ. ಪರದೆಯಲ್ಲಿ ಏನಿದೆಯೋ ಅದನ್ನು ಪರದೆಯಲ್ಲಿರುವ ಲಿಪಿಯಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿ. ಬೆರಳು ಏನು ಮಾಡಬೇಕು ಎಂಬುದನ್ನು ಮಾತ್ರ ಕನ್ನಡದಲ್ಲಿ ಹೇಳಿ.

ಎರಡನೆಯದು. ಸೆಟಪ್‌ಗೆ ಒಂದೇ ಕನ್ನಡ ಮಾತು ಹುಡುಕಬೇಡಿ, ಏಕೆಂದರೆ ಆ ಏಳು ಸೆಟಪ್‌ಗಳು ಒಂದೇ ಕೆಲಸವಲ್ಲ. ವೈಫೈ ಪಟ್ಟಿಯಿಂದ ಹೆಸರು ಆರಿಸಿ ಪಾಸ್‌ವರ್ಡ್ ಕೊಡುವುದು ‘ಸೇರಿಸುವುದು’. ಪಾಮ್‌ನ ಇಮೇಲ್ ತಂತ್ರಾಂಶ ವರ್ಸಾಮೇಲ್‌ನಲ್ಲಿ ವಿಳಾಸ, ಸರ್ವರ್ ಹೆಸರು ಬರೆಯುವುದು ‘ವಿವರ ತುಂಬುವುದು’. ಎಷ್ಟು ಹೊತ್ತಿಗೊಮ್ಮೆ ಹೊಸ ಅಂಚೆ ತರಬೇಕು ಎಂದು ಹೇಳುವುದು ‘ಗೊತ್ತುಮಾಡುವುದು’. ಇಂಗ್ಲಿಷಿನವರು ಮೂರಕ್ಕೂ ಒಂದೇ ಚೀಟಿ ಅಂಟಿಸಿದ್ದಾರೆ ಎಂದು ನಾವೂ ಹಾಗೇ ಮಾಡಬೇಕಿಲ್ಲ.

ಇನ್ನೊಂದು, ಇದು ತುಂಬ ಕಡೆ ನೋಡಿದ ತಪ್ಪು: ‘ಇಮೇಲ್ ಖಾತೆ ತೆರೆಯಿರಿ’ ಎಂದು ಬರೆಯಬೇಡಿ. ಖಾತೆ ಆಗಲೇ ಇದೆ. ತೆರೆಯಿರಿ ಎಂದರೆ ಓದುವವರು ಹೊಸ ವಿಳಾಸವೇ ಬೇಕೇನೋ ಎಂದು ನಿಂತುಬಿಡುತ್ತಾರೆ. ಇರುವ ಖಾತೆಯನ್ನು ಈ ಸಾಧನಕ್ಕೆ ಪರಿಚಯಿಸುವುದಷ್ಟೇ ಇಲ್ಲಿರುವುದು. ‘ಖಾತೆ ಸೇರಿಸಿ’ ಸಾಕು.

ಪೋರ್ಟ್‌ಗೆ ಪೋರ್ಟ್. ಬಂದರು ಬೇಡ.

ನನ್ನದೊಂದು ಪ್ರಶ್ನೆ: ಅದು ಯಾವ ಸರ್ವರಿಗೆ ಹೋಗಿ ಇಮೇಲ್ ತರುತ್ತದೆ? ಈಗಿನ ಎಷ್ಟೋ ಇಮೇಲ್ ಸೇವೆಗಳು ಟಿಎಲ್‌ಎಸ್ 1.2 ಎಂಬ ಗೂಢಲಿಪಿಯ ಬೀಗ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಅದು 2008ರದು, ನಿಮ್ಮ ಸಾಧನ 2005ರದು.

ರಾ.

—

ರಾ. ಅವರೇ, ಬಹಳ ಉಪಕಾರವಾಯಿತು. ಖಾತೆ ತೆರೆಯಿರಿ ಎಂದು ನಾನೂ ಎರಡು ಕಡೆ ಬರೆದಿದ್ದೆ. ಅಳಿಸಿದೆ.

ಸರ್ವರ್ ಅವರ ಮನೆಯದೇ. ಸಣ್ಣ ಕಂಪ್ಯೂಟರೊಂದು ಹೊರಗಿನ ಸೇವೆಯಿಂದ ಇಮೇಲ್ ತಂದು ಇಟ್ಟುಕೊಳ್ಳುತ್ತದೆ, ಪಾಮ್ ಅದರ ಹತ್ತಿರ ಪಾಪ್ (ಇಮೇಲ್ ಇಳಿಸಿಕೊಳ್ಳುವ ಕ್ರಮ) ಮೂಲಕ ಪೋರ್ಟ್ 110ಕ್ಕೆ ಹೋಗಿ ಕೇಳುತ್ತದೆ. ಮನೆಯ ಜಾಲದೊಳಗೆ ಮಾತ್ರ. ವೈಫೈಗೂ ಹಳೆಯ ರೂಟರ್ ಒಂದನ್ನು ಬೇರೆಯೇ ಇಟ್ಟಿದ್ದಾರೆ. ಹೊಸ ರೂಟರಿನ ಬೀಗ ಈ ಮುದುಕನ ಕೈಯಲ್ಲಿ ತೆಗೆಯಲಾಗುವುದಿಲ್ಲ ಎಂದರು.

ಸು.

—

ಪಾಪ್‌ನ ಪೂರ್ತಿ ಹೆಸರೇ ಪೋಸ್ಟ್ ಆಫೀಸ್ ಪ್ರೋಟೊಕಾಲ್. ಅಂದರೆ ಆ ಸಣ್ಣ ಕಂಪ್ಯೂಟರೇ ಅಂಚೆಮನೆ. ಸರ್ವರ್ ಎಂಬ ಮಾತನ್ನು ಎತ್ತಿಹಾಕಿ ‘ಬರುವ ಅಂಚೆ’, ‘ಹೋಗುವ ಅಂಚೆ’ ಎಂದು ಎರಡು ಶೀರ್ಷಿಕೆ ಕೊಟ್ಟರೆ ಮುಗಿಯಿತು. ‘ಒಳಬರುವ’, ‘ಹೊರಹೋಗುವ’ ಎಂಬ ಕಚೇರಿಯ ಕನ್ನಡವೂ ಬೇಡ. ಅಂಚೆ ನಮ್ಮ ಮನೆಗೆ ಬರುತ್ತದೆ, ಇಲ್ಲಿಂದ ಹೋಗುತ್ತದೆ. ಒಳಗೆ, ಹೊರಗೆ ಏನಿದೆ?

ವ.

—

ಅಂಚೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಅಂಚೆ ಎಂಬುದು ಹಂಸದ ತದ್ಭವ. ನಳನಿಗೂ ದಮಯಂತಿಗೂ ನಡುವೆ ಸುದ್ದಿ ಒಯ್ದದ್ದು ಯಾರು? ಹಂಸ. ಆ ದೂತನ ಹೆಸರೇ ದೌತ್ಯಕ್ಕೆ ನಿಂತಿದೆ. ಆದ್ದರಿಂದ ಮಿಂಚಂಚೆ ಎನ್ನುವಾಗ ಮಿಂಚಿನ ರೆಕ್ಕೆಯ ಹಂಸವೇ ಹಾರಿಬರುತ್ತದೆ. ಇಷ್ಟು ಕಾವ್ಯವುಳ್ಳ ಪದವನ್ನು ಬಿಟ್ಟು ಇಮೇಲ್ ಎನ್ನುವವರ ಬಗ್ಗೆ ನನಗೆ ಮರುಕವಿದೆ.

ಕೃ.

—

ಹಂಸ ತದ್ಭವವಾಗಿ ಅಂಚೆ ಆದದ್ದು ನಿಜ. ಟಪಾಲಿನ ಅಂಚೆ ಅದೇ ಎನ್ನುವುದಕ್ಕೆ ಏನು ಆಧಾರ? ತಮಿಳಿನಲ್ಲಿ ಟಪಾಲಿಗೆ ಅಂಜಲ್, ಮಲಯಾಳದಲ್ಲಿ ಅಂಚಲ್. ನಮ್ಮ ಅಂಚೆಯ ಒಡಹುಟ್ಟಿದವು ಇವು. ಈಗ ತಮಿಳಿನಲ್ಲಿ ಹಂಸಕ್ಕೆ ಏನೆನ್ನುತ್ತಾರೆ? ಅನ್ನಂ. ಅನ್ನಂ ಹಾರಿಹೋಗಿ ಅಂಜಲ್ ಆಗಿ ಇಳಿಯಿತೇ? ಕನ್ನಡದಲ್ಲಿ ಮಾತ್ರ ಎರಡು ಪದಗಳ ರೂಪ ಒಂದಾದದ್ದರಿಂದ ಈ ಕಥೆ ಹುಟ್ಟಿದೆ. ಕಥೆ ಚೆನ್ನಾಗಿದೆ, ಕಥೆ ಅಷ್ಟೆ.

ವ.

—

ಕಾವ್ಯ ಗೊತ್ತಿಲ್ಲದವರೊಡನೆ ವಾದವಿಲ್ಲ.

ಕೃ.

—

> ಮಿಂಚಿನ ರೆಕ್ಕೆಯ ಹಂಸ

ಹಂಸ ಇರಲಿ ಬಿಡಲಿ, ಮಿಂಚಂಚೆ ಸರಿ. ಮಿಂಚು + ಅಂಚೆ, ಲೋಪಸಂಧಿ, ಕೊಂಕಿಲ್ಲ. ಕೆಲವರು ಮಿನ್ನಂಚೆ ಎನ್ನುತ್ತಾರೆ, ಅದು ತಮಿಳಿನ ಮಿನ್ನಂಜಲ್ ನೋಡಿ ಎಳೆದುಕೊಂಡದ್ದು.

ಗೋ.

—

ಗೋ. ಅವರೇ, ತಮಿಳಿನಿಂದ ಬಂದರೆ ಎರವಲು, ನೀವು ಮನೆಯಲ್ಲಿ ಕೂತು ಕಟ್ಟಿದರೆ ಕನ್ನಡವೇ? ಮಿನುಗು, ಮಿಂಚು ಎರಡಕ್ಕೂ ಬೇರು ‘ಮಿನ್’. ಕಣ್ + ಇಲ್ಲ ಕಣ್ಣಿಲ್ಲ ಆದ ಹಾಗೆ ಮಿನ್ + ಅಂಚೆ ಮಿನ್ನಂಚೆ. ಅದರಲ್ಲೂ ಕೊಂಕಿಲ್ಲ. ನೀವು ಮೇಲೆ ಕೊಟ್ಟ ಮಿಂಬಲೆಯಲ್ಲಿ ಇರುವುದು ಯಾವುದು, ಮಿಂಚೋ ಮಿನ್ನೋ?

ವ.

—

ಪ್ರಶ್ನೆ ಅದಲ್ಲ.

ಗೋ.

—

ಅದೇ ಪ್ರಶ್ನೆ.

ವ.

—

ಅಲ್ರೀ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಕಿಸೆ ಅಂದ್ರ ದಿನಾ ಆಡೂ ಮಾತು. ಯಾರಿಗೂ ಅದು ಪಾರಸಿ ಅಂತ ಗೊತ್ತಿಲ್ಲ, ಗೊತ್ತಾದ್ರ ಕಿಸೆ ಹರಕೊಳ್ಳೂದೂ ಇಲ್ಲ.

ಸು. ಅಕ್ಕಾರು ಸಿಂಕ್‌ಗೆ ಕೇಳಿದ್ರು. ಅದಕ್ಕ ಯಾರೂ ಉತ್ತರಾನ ಕೊಟ್ಟಿಲ್ಲ. ಲೆಕ್ಕದ ಎರಡು ಪುಸ್ತಕ ಎದುರಿಗಿಟ್ಟು ಇದರಾಗ ಇದ್ದದ್ದು ಅದರಾಗ ಐತೋ ಇಲ್ಲೋ ಅಂತ ನೋಡೂದಕ್ಕ ‘ತಾಳೆ ನೋಡೂದು’ ಅಂತೀವಲ್ಲ, ಸಿಂಕ್ ಅಂದ್ರ ಅದs ಅಲ್ಲೇನು? ಪಾಮ್‌ನ ವಿಳಾಸಪಟ್ಟಿ, ಕಂಪ್ಯೂಟರಿನ ವಿಳಾಸಪಟ್ಟಿ ತಾಳೆ ಮಾಡೂದು.

ಬ.

—

ಬ. ಅವರೇ, ಇದು ಬಹಳ ಹತ್ತಿರ ಬಂತು. ಒಂದೇ ಕೊರತೆ: ತಾಳೆ ನೋಡಿದ ಮೇಲೆ ವ್ಯತ್ಯಾಸ ಕಂಡರೆ ಸಿಂಕ್ ಅದನ್ನು ತುಂಬಿಯೂ ಬಿಡುತ್ತದೆ. ಇಲ್ಲಿ ಹೊಸದಾಗಿ ಬರೆದದ್ದು ಅಲ್ಲಿಗೆ, ಅಲ್ಲಿ ಅಳಿಸಿದ್ದು ಇಲ್ಲಿಯೂ. ತಾಳೆ ನೋಡುವವರು ಬರೀ ಗುರುತು ಹಾಕುತ್ತಾರೆ. ‘ಸರಿದೂಗಿಸು’ ಎಂದೂ ಯೋಚಿಸಿದೆ. ಆದರೆ ಅದಕ್ಕೆ ಹೇಗೋ ಸಂಭಾಳಿಸಿಕೊಂಡು ಹೋಗುವ ಅರ್ಥ ಅಂಟಿಬಿಟ್ಟಿದೆ, ಖರ್ಚು ಸರಿದೂಗಿಸಿದ ಹಾಗೆ.

ಸು.

—

ಹಂಗಾದ್ರ ‘ತಾಳೆ ಮಾಡಿ’ ಅನ್ನದ ‘ತಾಳೆಗೆ ತನ್ನಿ’ ಅನ್ನಿ. ತಪ್ಪಿದ್ದನ್ನ ತಿದ್ದಿ ಎರಡೂ ಕಡೆ ಒಂದs ಮಾಡೂದು ಅಂತಾತು.

ಬ.

—

ತಾಳೆ ಮರಾಠಿ. ಅವರ ಲೆಕ್ಕದ ಪಟ್ಟಿ ತಾಳೇಬಂದ ಕೇಳಿಲ್ಲವೇ?

ಗೋ.

—

ಕೇಳೀನ್ರಿ. ಆ ಮರಾಠಿ ತಾಳೆ ನಮ್ಮ ಅಜ್ಜನ ಲೆಕ್ಕದ ಪುಸ್ತಕದಾಗ ಇತ್ತು, ನಿಮ್ಮ ಮಿಂಬಲೆ ಯಾರ ಪುಸ್ತಕದಾಗೂ ಇರಲಿಲ್ಲ.

ಬ.

—

ಇದೇ ತೊಂದರೆ. ಬಂದದ್ದೆಲ್ಲ ನಮ್ಮದು, ಕಟ್ಟಿದ್ದು ಮಾತ್ರ ಪರಕೀಯ. ಇಂದು ಸರ್ವರ್, ಪೋರ್ಟ್, ಪಾಸ್‌ವರ್ಡ್ ಎನ್ನುತ್ತೀರಿ. ನಾಳೆ ಕ್ರಿಯಾಪದವೂ ಹೋಗುತ್ತದೆ. ಈಗಾಗಲೇ ‘ಸೆಂಡ್ ಮಾಡಿ’, ‘ರಿಸೀವ್ ಆಯಿತು’ ಎನ್ನುವವರಿದ್ದಾರೆ. ‘ಕಳಿಸು’ ಎಂಬ ಮಾತಿಗೆ ಯಾವ ರೋಗ ಬಂದಿತ್ತು? ಎರವಲು ನಾಮಪದದಲ್ಲಿ ನಿಲ್ಲುವುದಿಲ್ಲ, ‘ಮಾಡು’ ಎಂಬ ಬಾಲ ಹಿಡಿದು ಒಳಗೆ ಬರುತ್ತದೆ. ಅದಕ್ಕೇ ಹೊಸಿಲಲ್ಲೇ ತಡೆಯಬೇಕು ಎನ್ನುವುದು.

ಗೋ.

—

ಗೋ. ಅವರ ಈ ಮಾತಿನಲ್ಲಿ ಮಾತ್ರ ನನಗೆ ಸಹಮತವಿದೆ. ಕ್ರಿಯಾಪದ ಉಳಿಯಬೇಕು.

ಆದರೆ ಅದಕ್ಕಾಗಿ ನಾಮಪದವನ್ನೂ ಬಡಿದಾಡುವ ಅಗತ್ಯವಿಲ್ಲ. ಅಂತರ್ಜಾಲವನ್ನೇ ನೋಡಿ. ಅಂತರ್ಜಲ, ಅಂತರ್ಮುಖಿ, ಅಂತರ್ಗತ, ಎಲ್ಲದರಲ್ಲೂ ಅಂತರ್ ಎಂದರೆ ಒಳಗೆ. ಹಾಗೆ ತೆಗೆದುಕೊಂಡರೆ ಅಂತರ್ಜಾಲ ಎನ್ನುವುದು ಸು. ಅವರ ಪರಿಚಯದವರ ಮನೆಯೊಳಗಿನ ಜಾಲಕ್ಕೇ ಸರಿ, ಜಗತ್ತಿನ ಜಾಲಕ್ಕಲ್ಲ.

ವ.

—

ಅಂತರ್ ಎಂಬ ಅವ್ಯಯಕ್ಕೆ ‘ನಡುವೆ’ ಎಂಬ ಅರ್ಥವೂ ಸಂಸ್ಕೃತದಲ್ಲಿ ಮೊದಲಿನಿಂದ ಇದೆ. ಅಂತಾರಾಷ್ಟ್ರೀಯ ಎಂಬಲ್ಲಿ ಮತ್ತೇನು? ಅಲ್ಲಿ ರೇಫದ (ರಕಾರದ) ಮುಂದೆ ರೇಫ ಬಂದು, ಪಾಣಿನಿಯ ‘ರೋ ರಿ’ ಸೂತ್ರದಿಂದ ಮೊದಲಿನದು ಲೋಪವಾಗಿ ಹಿಂದಿನ ಸ್ವರ ದೀರ್ಘವಾಗಿದೆ. ಜಾಲದಲ್ಲಿ ರೇಫವಿಲ್ಲವಾದ್ದರಿಂದ ಅಂತರ್ಜಾಲ. ಪದ ನಿರ್ದೋಷ. ‘ಅಂತರಜಾಲ’ ಎಂದು ಬರೆಯುವವರಿಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಕೃ.

—

ಮೇಷ್ಟ್ರೇ, ವ. ಅಕ್ಕಾ, ನಾಲ್ಕೂವರೆ ಆಯಿತು. ನನ್ನ ಹಾಳೆಯಲ್ಲಿ ಅಂತರ್ಜಾಲವೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ವೈಫೈ ಅಂತ ಮಾತ್ರ ಇದೆ, ಪಾಮ್ ಹೋಗುವುದೇ ಅಲ್ಲಿಯವರೆಗೆ.

ಇನ್ನೆರಡು ಉಳಿದಿವೆ. ಪರದೆಯ ಮೇಲೆ ಬರೆಯುವ ಕಡ್ಡಿಗೆ ಸ್ಟೈಲಸ್ ಎನ್ನಲೇ? ಇನ್ನೊಂದು, ವರ್ಸಾಮೇಲ್‌ನಲ್ಲಿ ಅಂಚೆಯನ್ನು ಸರ್ವರಿನಲ್ಲೇ ಬಿಡಬೇಕೋ ಬೇಡವೋ ಎಂದು ಒಂದು ಚೌಕ ಇದೆ. ಅದಕ್ಕೆ ‘ಸರ್ವರಿನಲ್ಲಿ ಬಿಟ್ಟುಬಿಡಿ’ ಎಂದು ಬರೆದಿದ್ದೆ. ಮಗಳು ಓದಿ, ಹಾಗಾದರೆ ಇಮೇಲ್ ಈ ಸಾಧನಕ್ಕೆ ಬರುವುದೇ ಇಲ್ಲವಾ ಅಂದಳು.

ಸು.

—

ಮಗಳು ಕೇಳಿದ್ದು ಸರಿಯಾಗಿದೆ. ಪಾಪ್‌ನ ಹಳೆಯ ರೂಢಿ ಎಂದರೆ ಅಂಚೆಯನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡುವುದು. ಆ ಚೌಕಕ್ಕೆ ಗುರುತು ಹಾಕಿದರೆ ಅಳಿಸದೆ ಇಳಿಸಿಕೊಳ್ಳುತ್ತದೆ. ಬಿಡುವುದು ಅಂಚೆಯನ್ನಲ್ಲ, ಅದರ ಪ್ರತಿಯನ್ನು. ‘ಒಂದು ಪ್ರತಿ ಅಲ್ಲೂ ಇರಲಿ’ ಎಂದು ಹಾಕಿ. ಹತ್ತು ಜನ ಒಬ್ಬರ ಹಿಂದೊಬ್ಬರು ಬಂದು ಅದೇ ಇಮೇಲ್ ಓದಬೇಕಲ್ಲ, ಈ ಗುರುತು ಮರೆತರೆ ಮೊದಲನೆಯವರಿಗೇ ಮುಗಿಯುತ್ತದೆ. ಹಾಳೆಯಲ್ಲಿ ಬೇರೆ ಯಾವ ಪದ ತಪ್ಪಿದರೂ ನಡೆಯುತ್ತದೆ, ಇದು ತಪ್ಪಬಾರದು.

ರಾ.

—

ಸ್ಟೈಲಸ್‌ಗೆ ಕಂಟ. ಓಲೆಗರಿಯ ಮೇಲೆ ಕೊರೆಯುವ ಕಬ್ಬಿಣದ ಕಡ್ಡಿಗೆ ಕನ್ನಡದಲ್ಲಿ ಇದ್ದ ಹೆಸರೇ ಕಂಟ. ಇಮೇಲ್‌ಗೆ ಮಿಂಚೋಲೆ ಎನ್ನುವವರೂ ಇದ್ದಾರೆ. ಓಲೆಯೂ ಬಂತು, ಕಂಟವೂ ಬಂತು. ಇದಕ್ಕಾದರೂ ಯಾರೂ ಬೇಡವೆನ್ನಲಾರರು.

ಕೃ.

—

ಬೇಡ. ಕಂಟ ಎಂದರೆ ಮಕ್ಕಳು ಪರದೆಯನ್ನು ಕೊರೆದಾರು. ‘ಕಡ್ಡಿ’ ಎಂದು ನೀವೇ ಬರೆದಿದ್ದೀರಲ್ಲ ಸು., ಅದೇ ಇರಲಿ.

ವ.

—

ಕಂಟ ಒಳ್ಳೆಯ ಪದ. ಮೇಷ್ಟ್ರಿಗೆ ನನ್ನ ಓಟು.

ಗೋ.

—

ಎಲ್ಲರಿಗೂ ಧನ್ಯವಾದ. ಹಾಳೆ ಅಚ್ಚಿಗೆ ಹೋಯಿತು. ಮೊದಲ ಪುಟದ ಕೊನೆ ಹೀಗಿದೆ:

“ಕಡ್ಡಿಯಿಂದ ವೈಫೈ ಪಟ್ಟಿಯನ್ನು ಮುಟ್ಟಿ, ಹೆಸರು ಆರಿಸಿ, ಪಾಸ್‌ವರ್ಡ್ ಕೊಟ್ಟು ಸೇರಿಸಿ. ನಿಮ್ಮ ಇಮೇಲ್ ಖಾತೆ ಈಗಾಗಲೇ ಇದೆ, ಹೊಸದು ಬೇಕಿಲ್ಲ. ಅದರ ವಿವರವನ್ನು ತುಂಬಿ. ‘ಬರುವ ಅಂಚೆ’ ಎಂಬಲ್ಲಿ ಪೋರ್ಟ್ 110. ಒಂದು ಪ್ರತಿ ಅಲ್ಲೂ ಇರಲಿ ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ.”

ಸಿಂಕ್‌ಗೆ ‘ತಾಳೆಗೆ ತನ್ನಿ’ ಎಂದೇ ಹಾಕಿದೆ. ಸಾಧನಕ್ಕೆ ಮೂರರಲ್ಲಿ ಯಾವುದನ್ನೂ ಹಾಕಲಿಲ್ಲ, ಎಲ್ಲ ಕಡೆ ಪಾಮ್ ಎಂದು ಬರೆದೆ. ಶೀರ್ಷಿಕೆಯಲ್ಲಿ ಒಂದೇ ಒಂದು ಸಲ ಅಂಗೈಗಣಕ, ಮೇಷ್ಟ್ರಿಗಾಗಿ.

ಸು.

—

ಸು. ಅವರೇ, ಒಂದು ಮರೆತಿದ್ದೆ. ಬ್ಯಾಟರಿ ಪೂರ್ತಿ ಇಳಿದು ಬಿದ್ದಿದ್ದ ಸಾಧನವಾದರೆ ಅದರ ತೇದಿ ಹಿಂದಕ್ಕೆ ಹೋಗಿರುತ್ತದೆ. ಆ ತೇದಿಯಲ್ಲೇ ಇಮೇಲ್ ಹೋದರೆ ಪಡೆದವರ ಪಟ್ಟಿಯ ತಳದಲ್ಲಿ ಎಲ್ಲೋ ಕೂತುಬಿಡುತ್ತದೆ, ಬಂದೇ ಇಲ್ಲ ಅಂದುಕೊಳ್ಳುತ್ತಾರೆ. ‘ಮೊದಲು ತೇದಿ ಸರಿಮಾಡಿ’ ಎಂದು ಒಂದು ಸಾಲು ಸೇರಿಸಲು ಆಗುತ್ತದೆಯೇ?

ರಾ.

—

ಅಚ್ಚು ಮುಗಿದಿದೆಯಂತೆ. ಆ ಒಂದು ಸಾಲನ್ನು ಕೈಯಲ್ಲಿ ಬರೆದು ಅಂಟಿಸುತ್ತೇನೆ.

ಸು.

—

ತೇದಿಯೇ? ತಾರೀಖು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ವ.

—

ತಿಥಿಯ ತದ್ಭವ ತೇದಿ. ತಾರೀಖು ಅರಬ್ಬಿ.

ಕೃ.

—

ಎರಡೂ ಬೇಡ.

ಗೋ.